ಶುಕ್ರವಾರ ಬೀಸದ ಗಾಳಿ

ತನ್ನ ತಾರಸಿಯ ಮೇಲೆ ಬೀಸುವ ಗಾಳಿಗೆ ವಿಜ್ಞಾನಿಗಳು ಹೆಸರಿಟ್ಟಿದ್ದಾರೆಂಬ ಸುದ್ದಿ ತಾಜ್ ಪಾಷಾನ ಕಿವಿಗೆ ಬಿದ್ದದ್ದು ಒಂದು ವರ್ಷ ತಡವಾಗಿ. ಅಷ್ಟರಲ್ಲಿ ಆ ಗಾಳಿ ಎರಡು ಸಲ ವಿದೇಶಕ್ಕೆ ಹೋಗಿ ಚಪ್ಪಾಳೆ ಗಿಟ್ಟಿಸಿಕೊಂಡು ಬಂದಿತ್ತು. ತಾಜ್ ಪಾಷಾ ಮಾತ್ರ ರಾಮನಗರದ ರೇಷ್ಮೆಗೂಡು ಮಾರುಕಟ್ಟೆಯಿಂದ ಮನೆಗೆ, ಮನೆಯಿಂದ ಮಾರುಕಟ್ಟೆಗೆ ಓಡಾಡಿಕೊಂಡು ಇದ್ದಲ್ಲೇ ಇದ್ದ.

ಅವನದು ರೇಷ್ಮೆ ನೂಲು ಬಿಚ್ಚುವ ಕೆಲಸ. ಹರಾಜಿನಲ್ಲಿ ಗೂಡು ಹಿಡಿಯುವುದು, ತಂದು ಕುದಿನೀರಿನಲ್ಲಿ ಬೇಯಿಸುವುದು, ಎಳೆ ತೆಗೆದು ರಾಟೆಗೆ ಸುತ್ತುವುದು. ಕೆಳಗಡೆ ಘಟಕ, ಅದರ ಮೇಲೆ ಸಂಸಾರ, ಅದರ ಮೇಲೆ ತಾರಸಿ. ಹದಿನಾಲ್ಕು ಜನ ಕೆಲಸಕ್ಕಿದ್ದರು. ಬೆಂದ ಹುಳದ ವಾಸನೆ ಎಂಥದೆಂದು ಗೊತ್ತಿಲ್ಲದವರಿಗೆ ವಿವರಿಸುವುದು ಕಷ್ಟ, ಗೊತ್ತಿದ್ದವರಿಗೆ ವಿವರಿಸುವ ಅಗತ್ಯವಿಲ್ಲ. ಬೀದಿಯವರು ಮೂಗು ಮುಚ್ಚಿಕೊಂಡು ತಕರಾರು ತೆಗೆದಾಗ ಅವನು ಚನ್ನಪಟ್ಟಣದಲ್ಲಿ ಬಾಗಿಲು ಹಾಕಿದ್ದ ಟಾಕೀಸೊಂದರಿಂದ ಆಳೆತ್ತರದ ಎಕ್ಸಾಸ್ಟ್ ಫ್ಯಾನನ್ನು ಹೊತ್ತು ತಂದು, ಘಟಕದಿಂದ ತಾರಸಿಯ ಪಶ್ಚಿಮದ ಮೂಲೆಗೆ ಹಬೆಯ ಕೊಳವೆ ಏರಿಸಿ, ಅಲ್ಲಿ ತಗಡಿನ ಪೆಟ್ಟಿಗೆ ಕಟ್ಟಿಸಿ ಕೂರಿಸಿದ. ಆರುನೂರು ಜನರ ಬೀಡಿ ಹೊಗೆಯನ್ನು ಮೂವತ್ತು ವರ್ಷ ಹೊರಗೆ ದಬ್ಬಿದ್ದ ಫ್ಯಾನು ಅದು, ಹುಳದ ಹಬೆ ಅದಕ್ಕೆ ಯಾವ ಲೆಕ್ಕ. ಬೆಳಿಗ್ಗೆ ಆರಕ್ಕೆ ಸ್ವಿಚ್ಚು ಒತ್ತಿದರೆ ಸಂಜೆ ಆರರ ತನಕ ಬುರ್ರೆಂದು ಪೂರ್ವಕ್ಕೆ ಊದುತ್ತಿತ್ತು. ಪೂರ್ವಕ್ಕೆ ಇದ್ದದ್ದು ರೈಲು ಹಳಿ. ರೈಲಿನ ಜನ ತಕರಾರು ತೆಗೆಯುವಷ್ಟು ಹೊತ್ತು ಅಲ್ಲಿ ನಿಲ್ಲುತ್ತಿರಲಿಲ್ಲ.

ಎರಡು ಸಾವಿರದ ಐದರ ಬೇಸಿಗೆಯಲ್ಲಿ ಬೆಂಗಳೂರಿನ ಒಂದು ಸಂಶೋಧನಾ ಕೇಂದ್ರದ ಜೀಪು ಬಂದು ಅವನ ಮನೆ ಮುಂದೆ ನಿಂತಿತು. ಆ ಬೀದಿಯಲ್ಲೆಲ್ಲ ಎತ್ತರದ ತಾರಸಿ ಅವನದೇ. ಅಲ್ಲೊಂದು ಗಾಳಿ ಅಳೆಯುವ ಯಂತ್ರ ಇಟ್ಟುಕೊಳ್ಳುತ್ತೇವೆ, ದೇಶದ ಕೆಲಸ ಎಂದರು. ದೇಶದ ಕೆಲಸಕ್ಕೆ ಇಲ್ಲವೆನ್ನುವುದುಂಟೆ, ತಾಜ್ ಪಾಷಾ ಎದೆಯುಬ್ಬಿಸಿ ಒಪ್ಪಿಕೊಂಡ. ಒಂದು ಕಂಬ, ಅದರ ತುದಿಯಲ್ಲಿ ಗಾಳಿಗೆ ಗಿರಗಿರ ತಿರುಗುವ ಮೂರು ಬಟ್ಟಲು, ದಿಕ್ಕು ತೋರುವ ಒಂದು ಬಾಣ, ಬುಡದಲ್ಲಿ ಒಂದು ಪೆಟ್ಟಿಗೆ. ಪೆಟ್ಟಿಗೆಯೊಳಗಿನ ಸಿಮ್ಮು ಗಂಟೆಗೊಮ್ಮೆ ತಾನಾಗಿಯೇ ಬೆಂಗಳೂರಿಗೆ ಗಾಳಿಯ ವರದಿ ಒಪ್ಪಿಸುತ್ತಿತ್ತು. ತಾಜ್ ಪಾಷಾನ ಹೆಂಡತಿ ಅಕ್ಬರಿ ಬೇಗಂ ಅದನ್ನು ನೋಡಿ, ಮೂರು ಸೌಟು ಕಟ್ಟಿಸಿಕೊಳ್ಳಲು ಇಷ್ಟು ಜನ ಬರಬೇಕಿತ್ತೇ ಎಂದಳು. ಅಂದಿನಿಂದ ಬೀದಿಯವರ ಬಾಯಲ್ಲಿ ಅದು ಸೌಟು ಮಿಷನ್ನು.

ಕಂಬ ನೆಟ್ಟದ್ದು ಫ್ಯಾನಿನ ಮುಂದೆ ಹತ್ತೇ ಅಡಿ ದೂರದಲ್ಲಿ. ಅವತ್ತು ಶುಕ್ರವಾರ, ಘಟಕಕ್ಕೆ ರಜೆ, ಫ್ಯಾನು ಸುಮ್ಮನಿತ್ತು. ಆದರೂ ತಾಜ್ ಪಾಷಾ ಹೇಳಿದ್ದ. ಇಲ್ಲಿ ನಮ್ಮ ಫ್ಯಾನು ಐತೆ ಸಾರ್ ಎಂದು ತಗಡಿನ ಪೆಟ್ಟಿಗೆಯನ್ನು ತಟ್ಟಿಯೇ ತೋರಿಸಿದ್ದ. ಯಂತ್ರ ಕೂರಿಸಲು ಬಂದಾತ ತನ್ನ ಫಾರಂ ತೆಗೆದು ನೋಡಿದ. 'ಸುತ್ತಮುತ್ತ ಗಾಳಿಗೆ ಅಡ್ಡಿಯಾಗುವಂಥದ್ದು ಏನಾದರೂ ಇದೆಯೇ?' ಎಂಬ ಕಲಮಿತ್ತು. ಮರ, ಗೋಡೆ, ನೀರಿನ ಟ್ಯಾಂಕು ಎಂದು ಮೂರು ಆಯ್ಕೆ ಕೊಟ್ಟಿದ್ದರು. ಫ್ಯಾನು ಮರವಲ್ಲ, ಗೋಡೆಯಲ್ಲ, ಟ್ಯಾಂಕಂತೂ ಅಲ್ಲವೇ ಅಲ್ಲ. ಆತ 'ಇಲ್ಲ' ಎಂದು ಬರೆದುಕೊಂಡು ಚಹಾ ಕುಡಿದು ಹೋದ.

ಕೇಂದ್ರದಲ್ಲಿ ಈ ಕೆಲಸದ ಯಜಮಾನರು ಡಾಕ್ಟರ್ ಮನೋಹರ್. ಹುಟ್ಟಿದ್ದು ಕನಕಪುರದ ಕಡೆಯ ಹಳ್ಳಿಯಲ್ಲಿ, ಆದರೆ ಅದನ್ನು ಅವರು ಬಹಳ ಪರಿಶ್ರಮದಿಂದ ಮರೆತಿದ್ದರು. ನಾಲ್ಕು ಮಾತಿನಲ್ಲಿ ಮೂರು ಇಂಗ್ಲಿಷು, ಉಳಿದ ಒಂದು ರೇಡಿಯೋ ವಾರ್ತೆಯ ಕನ್ನಡ. ಅವರ ಕಂಪ್ಯೂಟರು ಇಡೀ ದಕ್ಷಿಣ ಭಾರತದ ಆಕಾಶವನ್ನು ಚೌಕ ಚೌಕವಾಗಿ ಕತ್ತರಿಸಿಕೊಂಡು ಕೂತಿತ್ತು. ಪ್ರತಿ ಚೌಕಕ್ಕೂ ಗಾಳಿಯ ವೇಗ, ದಿಕ್ಕು ಉಣ್ಣಿಸಿದರೆ ನಾಳೆ ನಾಡಿದ್ದಿನ ಗಾಳಿಯನ್ನು ಅದೇ ಲೆಕ್ಕ ಹಾಕಿ ಹೇಳಬೇಕು. ಅರಬ್ಬೀ ಸಮುದ್ರದಿಂದ ಹೊರಟು, ನಮ್ಮ ತಲೆಯಿಂದ ಒಂದೂವರೆ ಕಿಲೋಮೀಟರು ಮೇಲೆ ಪೂರ್ವಕ್ಕೆ ನುಗ್ಗುವ ಗಾಳಿಯ ಹೊಳೆಯೊಂದಿದೆಯಂತೆ, ಅದಕ್ಕೆ 'ಕೆಳಮಟ್ಟದ ಜೆಟ್' ಎನ್ನುತ್ತಾರೆ. ಅದರ ರಭಸ ನೋಡಿಕೊಂಡರೆ ಬಂಗಾಳ ಕೊಲ್ಲಿಯಲ್ಲಿ ಏಳುವ ಸುಳಿ ಚಂಡಮಾರುತವಾಗುತ್ತದೋ ಇಲ್ಲವೋ ಹೇಳಬಹುದು. ಇಷ್ಟು ಸತ್ಯ, ದೊಡ್ಡ ವಿದ್ಯೆಯೂ ಹೌದು. ಎಲ್ಲ ಚೌಕಗಳೂ ತುಂಬಿದ್ದವು, ರಾಮನಗರದ ಚೌಕವೊಂದೇ ಖಾಲಿ. ಅದನ್ನು ತುಂಬಲು ಬಂದದ್ದೇ ಸೌಟು ಮಿಷನ್ನು.

ತುಂಬಿತು ನೋಡಿ. ರಾಮನಗರದ ಮೇಲೆ ಬೆಳಿಗ್ಗೆ ಆರಕ್ಕೆ ಸರಿಯಾಗಿ ಪಶ್ಚಿಮದಿಂದ ಬಿರುಗಾಳಿ ಎದ್ದು ಸಂಜೆ ಆರಕ್ಕೆ ಮಲಗುತ್ತಿತ್ತು. ಮುಂಗಾರು ಮುಗಿದರೂ ಬೀಸುತ್ತಿತ್ತು, ಚಳಿಗಾಲದಲ್ಲೂ ಬೀಸುತ್ತಿತ್ತು. ಬೇರೆ ಯಾರಾದರೂ ಆಗಿದ್ದರೆ ಒಮ್ಮೆ ಬಂದು ತಾರಸಿ ಹತ್ತಿ ನೋಡುತ್ತಿದ್ದರು. ಮನೋಹರ್ ಹಾಗೆ ಮಾಡಲಿಲ್ಲ, ಪ್ರಬಂಧ ಬರೆದರು. 'ರಾಮನಗರ ಜೆಟ್' ಎಂದು ನಾಮಕರಣವಾಯಿತು. ಗಾಳಿ ದಿನಕ್ಕೆರಡು ಬಾರಿ ಎರಡೆರಡು ಗಂಟೆ ನಿಲ್ಲುವುದನ್ನು ಅವರು ಜೆಟ್ಟಿನ ಉಸಿರಾಟ ಎಂದರು. ರಾಮನಗರದವರು ಅದನ್ನು ಕರೆಂಟು ಹೋಗುವುದು ಎನ್ನುತ್ತಾರೆ. ಪ್ರತಿ ಶುಕ್ರವಾರ ಗಾಳಿ ಬೀಸದಿರುವುದನ್ನು ಏಳು ದಿನಗಳ ಲಯ ಎಂದರು. ಎಲ್ಲಕ್ಕಿಂತ ಹೆಚ್ಚು ಹೆಸರು ತಂದದ್ದು ಮೂರನೆಯ ಸಂಶೋಧನೆ. ವರ್ಷದಲ್ಲಿ ಒಂದು ತಿಂಗಳು ಜೆಟ್ಟು ಬೆಳಗಿನ ಜಾವ ನಾಲ್ಕೂವರೆಗೇ ಎದ್ದು ಮಧ್ಯಾಹ್ನಕ್ಕೆ ನಿಂತುಬಿಡುತ್ತಿತ್ತು, ಮರುವರ್ಷ ಆ ತಿಂಗಳು ಹನ್ನೊಂದು ದಿನ ಹಿಂದಕ್ಕೆ ಸರಿದಿತ್ತು. ಇದು ಚಂದ್ರನ ಪ್ರಭಾವವೆಂದು ಮನೋಹರ್ ಸಾಧಿಸಿದರು. ಹಾಗೆ ನೋಡಿದರೆ ಅದು ಸುಳ್ಳಲ್ಲ. ರಂಜಾನ್ ಶುರುವಾಗುವುದು ಚಂದ್ರನನ್ನು ನೋಡಿಯೇ.

ಇಷ್ಟಕ್ಕೇ ನಿಂತಿದ್ದರೆ ನಕ್ಕು ಸುಮ್ಮನಾಗಬಹುದಿತ್ತು. ಟಾಕೀಸಿನ ಫ್ಯಾನು ಕಂಪ್ಯೂಟರಿನೊಳಗೆ ಹೊಕ್ಕು ಬಂಗಾಳ ಕೊಲ್ಲಿಯನ್ನು ಕಲಕಿತು. ಸಣ್ಣ ಸುಳಿ ಕಂಡರೆ ಸಾಕು, ಅದು ಊದಿ ಊದಿ ಚಂಡಮಾರುತ ಮಾಡುತ್ತಿತ್ತು. ಎರಡು ವರ್ಷದಲ್ಲಿ ಏಳು ಚಂಡಮಾರುತ ಹುಟ್ಟಿದವು, ಏಳೂ ಶುಕ್ರವಾರ ಬಂದೊಡನೆ ಕಾರಣವಿಲ್ಲದೆ ಕರಗಿದವು.

ಇದನ್ನೆಲ್ಲ ತಾಜ್ ಪಾಷಾನಿಗೆ ಹೇಳಿದವಳು ಧನುಶ್ರೀ. ದೊಡ್ಡಮಳೂರಿನ ಹುಡುಗಿ, ಮನೋಹರ್ ಅವರ ಕೈಕೆಳಗೆ ಸಂಶೋಧನೆ ಮಾಡುತ್ತಿದ್ದಳು. ತಿಂಗಳಿಗೊಮ್ಮೆ ಬಂದು ಬಟ್ಟಲಿನ ಧೂಳು ಒರೆಸಿ, ಅಕ್ಬರಿ ಬೇಗಂ ಕೊಟ್ಟ ಚಹಾ ಕುಡಿದು ಹೋಗುತ್ತಿದ್ದಳು. ಕೇಂದ್ರದಲ್ಲಿ ಊರು ಸುತ್ತುವ ಕೆಲಸಕ್ಕೆ ಜೀಪು ಸಿಗುತ್ತಿದ್ದದ್ದು ಶುಕ್ರವಾರ ಮಾತ್ರ. ಹೀಗಾಗಿ ಎರಡು ವರ್ಷ ಅವಳೂ ನಿಂತ ಫ್ಯಾನನ್ನಷ್ಟೇ ಕಂಡಿದ್ದಳು, ತಗಡಿನ ಪೆಟ್ಟಿಗೆಯನ್ನು ಪಾರಿವಾಳದ ಗೂಡೆಂದು ತಿಳಿದಿದ್ದಳು. ಎರಡು ಸಾವಿರದ ಏಳರ ಜುಲೈನಲ್ಲಿ ಒಂದು ಶುಕ್ರವಾರ ಬಂದ್ ಇದೆಯೆಂದು ಅವಳು ಬುಧವಾರವೇ ರೈಲು ಹತ್ತಿ ಬಂದಳು. ತಾರಸಿ ಹತ್ತಿ ಕಂಬದ ಮುಂದೆ ನಿಂತದ್ದೇ ತಡ, ಅವಳ ವೇಲು ಹಾರಿ ರೈಲು ಹಳಿಯ ಮೇಲೆ ಬಿತ್ತು.

ವೇಲು ತಂದುಕೊಡಲು ಮೇಲೆ ಬಂದ ತಾಜ್ ಪಾಷಾನನ್ನು ಅವಳು ಇದು ಯಾವಾಗಿನಿಂದ ತಿರುಗುತ್ತಿದೆ ಎಂದು ಕೇಳಿದಳು. ಹೊತ್ತು, ರಜೆ, ರಂಜಾನಿನ ವೇಳೆ ಎಲ್ಲ ಹೇಳಿದ. ಅವಳು ಅಲ್ಲೇ ತಾರಸಿಯ ಕಟ್ಟೆಯ ಮೇಲೆ ಕೂತು ಮೊದಲು ಜೋರಾಗಿ ನಕ್ಕಳು, ಆಮೇಲೆ ಅತ್ತಳು. ಎರಡು ವರ್ಷದ ಸಂಶೋಧನೆ ಹುಳದ ವಾಸನೆ ಹೊಡೆಯುತ್ತಿತ್ತು. ಅಳು ನಿಂತ ಮೇಲೆ ಅವಳು ಹೇಳಿದ ಒಂದು ಮಾತು ತಾಜ್ ಪಾಷಾನ ಎದೆಯಲ್ಲಿ ಮುಳ್ಳಿನಂತೆ ಕೂತಿತು. ಆ ಏಳು ಸಲವೂ ಕೇಂದ್ರದ ಲೆಕ್ಕ ನಂಬಿ ಪೂರ್ವ ಕರಾವಳಿಯ ಬೆಸ್ತರ ಊರೊಂದರಲ್ಲಿ ದೋಣಿ ಇಳಿಸಬೇಡಿರೆಂದು ಸಾರಿದ್ದರು. ಮೊದಮೊದಲು ಜನ ಕೆಲಸ ಬಿಟ್ಟು ಮನೆಯಲ್ಲಿ ಕೂತರು. ಈಗ ಯಾರೂ ನಂಬುತ್ತಿಲ್ಲ, ಸಾರಲು ಹೋದವನನ್ನೇ ಗೇಲಿ ಮಾಡಿ ಕಳಿಸುತ್ತಾರೆ.

ಧನುಶ್ರೀ ಬೆಂಗಳೂರಿಗೆ ಹೋದವಳೇ ಮನೋಹರ್ ಮುಂದೆ ಫ್ಯಾನಿನ ವಿಷಯ ಇಟ್ಟಳು. ಅವರು ಕಣ್ಣು ಮುಚ್ಚಿ ಪೂರ್ತಿ ಕೇಳಿಸಿಕೊಂಡು, ನೀನು ಕಾರಣವನ್ನೂ ಪರಿಣಾಮವನ್ನೂ ಅದಲುಬದಲು ಮಾಡುತ್ತಿದ್ದೀಯ ಎಂದರಂತೆ. ಫ್ಯಾನು ತಿರುಗುವುದರಿಂದ ಜೆಟ್ ಬೀಸುತ್ತಿಲ್ಲ, ಜೆಟ್ ಬೀಸುವುದರಿಂದ ಫ್ಯಾನು ತಿರುಗುತ್ತಿದೆ. ಈ ಮಾತು ಕೇಳಿದ ತಾಜ್ ಪಾಷಾ ಆ ತಿಂಗಳ ಕರೆಂಟು ಬಿಲ್ಲನ್ನು ಹುಡುಕಿ ತೆಗೆದು ಬಹಳ ಹೊತ್ತು ನೋಡಿದ.

ಹದಿನೈದು ದಿನಕ್ಕೆ ಅವನ ಮನೆಗೆ ಸರ್ಕಾರಿ ಕಚೇರಿಯಿಂದ ನೋಟಿಸು ಬಂತು. ರಾಮನಗರ ಆಗಷ್ಟೇ ಜಿಲ್ಲೆಯಾಗುವುದರಲ್ಲಿತ್ತು, ಹೆದ್ದಾರಿಯ ಉದ್ದಕ್ಕೂ ಕಾರ್ಖಾನೆಗಳು ಏಳುತ್ತಿದ್ದವು, ಕಚೇರಿಗಳಿಗೆಲ್ಲ ಏನಾದರೂ ಮಾಡಿ ತೋರಿಸುವ ಹುರುಪು. ಜಗತ್ಪ್ರಸಿದ್ಧ ಜೆಟ್ಟನ್ನು ಕಾಪಾಡಬೇಕು, ಹಬೆ ಮತ್ತು ವಾಸನೆಯಿಂದ ವೀಕ್ಷಣೆಗೆ ತೊಂದರೆಯಾಗುವ ಕಾರಣ ಯಂತ್ರದ ಸುತ್ತ ನೂರು ಮೀಟರಿನಲ್ಲಿ ಯಾವ ಉದ್ದಿಮೆಯೂ ಇರಕೂಡದು ಎಂದು ಬರೆದಿತ್ತು. ನೂರು ಮೀಟರಿನೊಳಗೆ ಇದ್ದ ಉದ್ದಿಮೆ ಅವನದೊಂದೇ. ಅವನ ಅಪ್ಪ ನಾಲ್ಕು ಚರಕ ಇಟ್ಟು ಶುರುಮಾಡಿದ್ದ ಘಟಕ ಅದು, ಹದಿನಾಲ್ಕು ಮನೆಗಳ ಒಲೆ ಅದರಿಂದ ಉರಿಯುತ್ತಿತ್ತು. ಗಾಳಿಯನ್ನು ಉಳಿಸಿಕೊಳ್ಳಲು ಫ್ಯಾನನ್ನು ಮುಚ್ಚಿಸಲು ಹೊರಟಿದ್ದರು. ತಾಜ್ ಪಾಷಾ ಮೂರು ಕಚೇರಿ ಸುತ್ತಿ ಇದನ್ನು ಬಿಡಿಸಿ ಹೇಳಿದ. ಮೂರೂ ಕಡೆ, ಗಾಳಿಯ ವಿಷಯ ನಿಮಗೆ ಗೊತ್ತಾಗುವುದಿಲ್ಲ ಸಾಬರೇ ಎಂದು ಕಳಿಸಿದರು.

ಆಗಸ್ಟಿನ ಕೊನೆಗೆ ದೆಹಲಿಯಿಂದ ಒಂದು ಸಮಿತಿ ಬಂತು. ಜೆಟ್ಟನ್ನು ಕಣ್ಣಾರೆ ನೋಡಿ ಮನೋಹರ್ ಅವರಿಗೆ ದೊಡ್ಡ ಕಂಪ್ಯೂಟರು ಮಂಜೂರು ಮಾಡುವವರು. ಶುಕ್ರವಾರ ಜೆಟ್ಟಿಗೆ ರಜೆಯೆಂದು ಮನೋಹರ್ ಮಂಗಳವಾರ ಹನ್ನೊಂದು ಗಂಟೆಯನ್ನು ಗೊತ್ತುಮಾಡಿದ್ದರು. ದೊಡ್ಡವರು ಬರುವಾಗ ವಾಸನೆ ಬರಬಾರದೆಂದು ಆ ದಿನ ಘಟಕ ಮುಚ್ಚಿಸಲು ಹಿಂದಿನ ದಿನವೇ ಜವಾನನನ್ನು ಕಳಿಸಿದ್ದರು ನೋಟಿಸಿನ ಕಚೇರಿಯ ಯಾರೋ ಪುಣ್ಯಾತ್ಮರು. ತಾಜ್ ಪಾಷಾ ವಿಧೇಯನಾಗಿ ಮುಚ್ಚಿದ.

ಹನ್ನೊಂದಾಯಿತು. ತಾರಸಿಯ ಮೇಲೆ ಐದು ಜನ ಕೋಟು ಹಾಕಿಕೊಂಡು ಮೂರು ಸೌಟುಗಳನ್ನೇ ನೋಡುತ್ತ ನಿಂತಿದ್ದರು. ಎಲೆ ಅಲುಗಲಿಲ್ಲ. ಮನೋಹರ್ ಬೆರಳು ಎಂಜಲು ಮಾಡಿ ಗಾಳಿಗೆ ಹಿಡಿದರು. ಹನ್ನೊಂದೂಕಾಲಾಯಿತು. ಅಕ್ಬರಿ ಬೇಗಂ ಎರಡನೆಯ ಸಲ ಚಹಾ ಕಳಿಸಿದಳು. ಸಮಿತಿಯ ಹಿರಿಯರು ಗಡಿಯಾರ ನೋಡಿಕೊಂಡರು.

ಆಗ ಮನೋಹರ್ ಫೈಲು ಮರೆತೆನೆಂದು ಹೇಳಿ ಮೆಟ್ಟಿಲಿಳಿದು ಬಂದರು. ಕೆಳಗೆ ಸ್ವಿಚ್ ಬೋರ್ಡಿನ ಪಕ್ಕ ತಾಜ್ ಪಾಷಾ ಸ್ಟೂಲಿನ ಮೇಲೆ ಕೂತಿದ್ದ. ಮನೋಹರ್ ಸುತ್ತ ಒಮ್ಮೆ ನೋಡಿ, ಬಗ್ಗಿ ಅವನ ಕಿವಿಯ ಹತ್ತಿರ ಬಂದರು. ಇಂಗ್ಲಿಷು ಹೋಗಿತ್ತು, ರೇಡಿಯೋ ಕನ್ನಡವೂ ಹೋಗಿತ್ತು. ಬಾಯಿಂದ ಬಂದದ್ದು ಕನಕಪುರ.

"ಪಾಸಾ ಸಾಬ್ರೇ, ಒಸಿ ಗಾಳಿ ಬುಡಿ."

ತಾಜ್ ಪಾಷಾ ಅವರ ಮುಖವನ್ನೇ ನೋಡಿದ. ಹಾಗಾದರೆ ಇವರಿಗೆ ಗೊತ್ತಿತ್ತು. ಧನುಶ್ರೀ ಹೇಳುವುದಕ್ಕೂ ಮೊದಲಿನಿಂದ ಗೊತ್ತಿತ್ತೋ, ಹೇಳಿದ ಮೇಲೆ ಗೊತ್ತಾಯಿತೋ, ಅಂತೂ ನೋಟಿಸು ಬರುವ ಹೊತ್ತಿಗೆ ಗೊತ್ತಿತ್ತು. ಅವನಿಗೆ ಸಿಟ್ಟು ನೆತ್ತಿಗೇರಿತು. ಆದರೆ ನಲವತ್ತು ವರ್ಷ ಹರಾಜಿನಲ್ಲಿ ಗೂಡು ಹಿಡಿದವನು, ಸಿಟ್ಟು ಬಂದಾಗ ದನಿ ತಗ್ಗಿಸುವುದು ಅವನಿಗೆ ರೂಢಿ.

"ಬುಡ್ತೀನಿ ಸಾರ್. ಬರ್ದು ಕೊಡಿ," ಅಂದ.

ಮನೋಹರ್ ಕೇಂದ್ರದ ಹೆಸರಿದ್ದ ಹಾಳೆ ತೆಗೆದು, ಘಟಕವು ವೀಕ್ಷಣಾ ವ್ಯವಸ್ಥೆಯ ಅವಿಭಾಜ್ಯ ಅಂಗ ಎಂದೇನೋ ಶುರುಮಾಡಿದರು. ತಾಜ್ ಪಾಷಾ ತಡೆದ. ನನಗೆ ಅರ್ಥವಾಗುವ ಹಾಗೆ ಬರೆಯಿರಿ ಎಂದು ತಾನೇ ಹೇಳಿ ಬರೆಸಿದ. 'ಯಂತ್ರಕ್ಕೆ ಬರುತ್ತಿರುವ ಗಾಳಿ ತಾಜ್ ಪಾಷಾ ಅವರ ಫ್ಯಾನಿನದೇ ಆದ್ದರಿಂದ ಅವರ ಘಟಕವನ್ನು ಮುಚ್ಚಿಸಬಾರದು.' ಸಹಿ, ದಿನಾಂಕ, ಮೊಹರು. 'ಫ್ಯಾನಿನದೇ' ಎಂಬಲ್ಲಿ ಮನೋಹರ್ ಕೈ ಒಂದು ಕ್ಷಣ ನಿಂತಿತು. ಮೇಲಿನಿಂದ ಯಾರೋ ಕೆಮ್ಮಿದರು, ಕೈ ಮುಂದೆ ಹೋಯಿತು.

ತಾಜ್ ಪಾಷಾ ಸ್ವಿಚ್ಚು ಒತ್ತಿದ. ಮೇಲೆ ಸೌಟುಗಳು ಗಿರ್ರನೆ ತಿರುಗಿದವು. ಘಟಕದೊಳಗೆ ಕೂತಿದ್ದ, ಹಿಂದಿನ ದಿನ ಬೆಂದ ಹುಳದ ವಾಸನೆ ಸಮಿತಿಯ ಮುಖಕ್ಕೇ ಬಡಿಯಿತು. ನಾಲ್ವರು ಕರವಸ್ತ್ರ ತೆಗೆದರು. ಹಿರಿಯರು ಮಾತ್ರ ಕರಾವಳಿಯವರು, ಕಣ್ಣು ಮುಚ್ಚಿ ಉದ್ದಕ್ಕೆ ಉಸಿರೆಳೆದುಕೊಂಡು, ಒಣಮೀನಿನ ವಾಸನೆ, ಇದು ಅಪ್ಪಟ ಸಮುದ್ರದ ಗಾಳಿ ಎಂದು ತೀರ್ಪು ಕೊಟ್ಟರು. ಕಂಪ್ಯೂಟರು ಮಂಜೂರಾಯಿತು.

ತಾಜ್ ಪಾಷಾ ಆ ಹಾಳೆಯನ್ನು ಪ್ಲಾಸ್ಟಿಕ್ಕಿನಲ್ಲಿ ಸುತ್ತಿ ಬೀರುವಿನಲ್ಲಿಟ್ಟ. ಮನೋಹರ್ ಕಚೇರಿಗೆ ಒಂದು ಮಾತು ಹೇಳಿದರೇನೋ, ನೋಟಿಸಿನ ಸದ್ದಡಗಿತು. ರಂಜಾನ್ ಬಂತು, ಜೆಟ್ಟು ನಾಲ್ಕೂವರೆಗೆ ಏಳತೊಡಗಿತು. ಮನೋಹರ್ ಮೂರನೆಯ ಸಲ ವಿದೇಶಕ್ಕೆ ಹೋದರು.

ಹಬ್ಬದ ದಿನ ಬೆಳಿಗ್ಗೆ, ನಮಾಜು ಮುಗಿಸಿ ಬಂದು ತಾಜ್ ಪಾಷಾ ಶಾವಿಗೆ ಪಾಯಸದ ಬಟ್ಟಲು ಕೈಗೆತ್ತಿಕೊಂಡಿದ್ದ. ಧನುಶ್ರೀಯ ಫೋನು ಬಂತು. ಹಬ್ಬದ ಶುಭಾಶಯ ಹೇಳುತ್ತಾಳೆಂದುಕೊಂಡರೆ ಅವಳು ಹೇಳಿದ್ದು ಬೇರೆ. ಕಂಪ್ಯೂಟರಿನಲ್ಲಿ ಎಂಟನೆಯ ಚಂಡಮಾರುತ ಎದ್ದಿದೆ, ನೇರ ಆ ಬೆಸ್ತರ ಊರಿಗೇ ಹೊರಟಿದೆ, ದಯವಿಟ್ಟು ಫ್ಯಾನು ಆರಿಸಿ, ಕರಗುತ್ತದೋ ನೋಡೋಣ ಎಂದಳು. ತಾಜ್ ಪಾಷಾ ಬಟ್ಟಲು ಕೆಳಗಿಟ್ಟ.

"ಅಮ್ಮಾ, ಹಬ್ಬ ಅಂತ ಘಟಕ ಮುಚ್ಚಿ ಮೂರ್ ದಿನ ಆಯ್ತು. ಫ್ಯಾನು ತಿರುಗೇ ಇಲ್ಲ," ಅಂದ. "ಇದು ನಂದಲ್ಲ ಕಣಮ್ಮಾ."

ಇದು ನಿಜವಾದದ್ದು. ಅವನ ಫ್ಯಾನಿನ ಕಾಟವಿಲ್ಲದೆ ಕಂಪ್ಯೂಟರು ಮೊದಲ ಬಾರಿಗೆ ತನ್ನ ಪಾಡಿಗೆ ಲೆಕ್ಕ ಮಾಡಿ ನಿಜ ಹೇಳಿತ್ತು. ಧನುಶ್ರೀ ಕರಾವಳಿಯ ಕಚೇರಿಗೆ ಯಾವುದಕ್ಕೂ ಇರಲೆಂದು ಆಗಲೇ ತನ್ನ ಅರ್ಧಂಬರ್ಧ ತೆಲುಗಿನಲ್ಲಿ ಫೋನು ಮಾಡಿದ್ದಳಂತೆ. ಅಲ್ಲಿಯ ಅಧಿಕಾರಿ, ಇದು ಎಷ್ಟನೆಯದಮ್ಮಾ ಎಂದು ನಕ್ಕು, ದೋಣಿಗಳು ಮಧ್ಯಾಹ್ನ ಹೊರಡುತ್ತವೆ ಎಂದು ಇಟ್ಟುಬಿಟ್ಟಿದ್ದ. ಹಿಂದಿನ ಏಳೂ ಯಾಕೆ ಸುಳ್ಳೆಂದು ತೋರಿಸಿದರೆ ಮಾತ್ರ ಎಂಟನೆಯದನ್ನು ನಂಬುತ್ತಾನೆ. ತೋರಿಸಲು ಇರುವುದು ಒಂದೇ ಹಾಳೆ.

ತಾಜ್ ಪಾಷಾನಿಗೆ ಗೊತ್ತಿತ್ತು. ಹಾಳೆ ಬೀರುವಿನಲ್ಲಿರುವ ತನಕ ಮನೋಹರ್ ಅವನಿಗೆ ಹೆದರುತ್ತಾರೆ, ಹೊರಗೆ ಬಿದ್ದ ದಿನ ಹೆದರಲು ಏನೂ ಉಳಿಯುವುದಿಲ್ಲ. ಘಟಕ ಹೋಗುತ್ತದೆ. ಅವನು ಅಕ್ಬರಿ ಬೇಗಂಗೆ ಉರ್ದುವಿನಲ್ಲಿ ಎಲ್ಲ ಹೇಳಿ ಏನು ಮಾಡಲಿ ಎಂದ. ದೋಣಿಯಲ್ಲಿ ಜನ ಇರುತ್ತಾರೋ ಎಂದು ಕೇಳಿದಳು. ಇರುತ್ತಾರೆ ಎಂದ. ಮತ್ತೆ ನನ್ನನ್ನೇನು ಕೇಳುತ್ತೀರಿ ಎಂದು ಅವಳು ಬೀರುವಿನ ಕೀಲಿ ತೆಗೆದುಕೊಟ್ಟಳು.

ಹಬ್ಬದ ಬಟ್ಟೆಯಲ್ಲೇ ಮಾರುಕಟ್ಟೆಯ ಹತ್ತಿರದ ಅಂಗಡಿಗೆ ಹೋಗಿ ಧನುಶ್ರೀ ಹೇಳಿದ ನಂಬರಿಗೆ ಫ್ಯಾಕ್ಸ್ ಕಳಿಸಿದ. ತೆಲುಗಿನವರಿಗೆ ಕನ್ನಡ ಅಕ್ಷರ ಅಷ್ಟಿಷ್ಟು ಓದಲು ಬರುತ್ತದೆ, ಫ್ಯಾನು ಯಾವ ಲಿಪಿಯಲ್ಲಿದ್ದರೂ ಫ್ಯಾನೇ. ಹತ್ತು ನಿಮಿಷಕ್ಕೆ ಆ ಅಧಿಕಾರಿಯೇ ಅಂಗಡಿಗೆ ಫೋನು ಮಾಡಿದ. ಅವನು ಕೇಳಿದ್ದು ಒಂದೇ, ಈಗ ಫ್ಯಾನು ನಿಂತಿದೆಯೋ. ನಿಂತಿದೆ ಎಂದ ತಾಜ್ ಪಾಷಾ, ಅಲ್ಲಾಹನ ಆಣೆ ಇಟ್ಟು.

ಆ ಊರಿನ ದೋಣಿಗಳು ಇಳಿಯಲಿಲ್ಲ. ಮರುದಿನ ಬಿರುಗಾಳಿ ಊರ ಛಾವಣಿಗಳನ್ನೆಲ್ಲ ಹೊತ್ತೊಯ್ದಿತು, ಸಮುದ್ರದಲ್ಲಿ ಮಾತ್ರ ಯಾರೂ ಇರಲಿಲ್ಲ. ಧನುಶ್ರೀ ಫೋನಿನಲ್ಲಿ ಇದನ್ನು ಹೇಳುವಾಗ ತಾಜ್ ಪಾಷಾ ಅತ್ತುಬಿಟ್ಟ. ಯಾವ ಊರೋ, ಯಾವ ಜನವೋ, ಅವನು ಸಮುದ್ರವನ್ನೇ ನೋಡಿದವನಲ್ಲ.

ಮನೋಹರ್ ವಿದೇಶದಿಂದ ಬಂದರು. ಹಾಳೆಯ ವಿಷಯ ತಿಳಿದು ಮೂರು ದಿನ ಕೋಣೆ ಬಿಟ್ಟು ಹೊರಬರಲಿಲ್ಲ, ನಾಲ್ಕನೆಯ ದಿನ ಹೊಸ ಪ್ರಬಂಧದೊಂದಿಗೆ ಬಂದರು. 'ರಾಮನಗರ ಜೆಟ್ಟಿನ ಅವಸಾನ: ರೇಷ್ಮೆ ಘಟಕದ ಮಾಲಿನ್ಯದ ಪಾತ್ರ.' ಹಾಳೆಯನ್ನು ಒತ್ತಾಯದಿಂದ ಬರೆಸಿಕೊಂಡದ್ದು ಎಂದೂ ಅಡಿಟಿಪ್ಪಣಿ ಹಾಕಿದ್ದರು. ಹೊಸ ಕಂಪ್ಯೂಟರು ಅವರಿಗೇ ಉಳಿಯಿತು. ಧನುಶ್ರೀ ಚನ್ನಪಟ್ಟಣದ ಕಾಲೇಜಿನಲ್ಲಿ ಪಾಠ ಹೇಳಲು ಹೋದಳು. ಸೌಟು ಮಿಷನ್ನನ್ನು ಬಿಚ್ಚಿ ಜೀಪಿಗೆ ಹಾಕಿಕೊಂಡು ಹೋದರು.

ಗಾಳಿ ಹೋಯಿತು, ಯಂತ್ರ ಹೋಯಿತು, ನೋಟಿಸು ಮಾತ್ರ ಹೋಗಲಿಲ್ಲ. ಯಂತ್ರದ ಸುತ್ತ ನೂರು ಮೀಟರು ಎಂದು ಕಡತದಲ್ಲಿತ್ತು, ಯಂತ್ರ ಈಗ ಇಲ್ಲವೆಂದು ಕಡತದಲ್ಲಿರಲಿಲ್ಲ. ನವೆಂಬರಿನ ಒಂದು ಮಧ್ಯಾಹ್ನ ಇನ್‌ಸ್ಪೆಕ್ಟರರೊಬ್ಬರು ಇಬ್ಬರು ಜವಾನರನ್ನು ಕರೆದುಕೊಂಡು ಘಟಕಕ್ಕೆ ಬೀಗಮುದ್ರೆ ಹಾಕಲು ಬಂದರು. ಹದಿನಾಲ್ಕು ಜನ ಕೆಲಸಗಾರರು ಬೀದಿಯ ಆಚೆ ಬದಿಗೆ ಸಾಲಾಗಿ ನಿಂತರು. ಜವಾನನೊಬ್ಬ ಮೇನ್ ಸ್ವಿಚ್ಚು ಇಳಿಸಿದ. ಮೇಲೆ ಟಾಕೀಸಿನ ಫ್ಯಾನು ಎರಡು ಸುತ್ತು ನರಳಿ ನಿಂತಿತು. ಕುದಿನೀರಿನ ಹಬೆ ಹೊರಗೆ ಹೋಗಲು ದಾರಿಯಿಲ್ಲದೆ ಒಳಗೆಲ್ಲ ತುಂಬಿಕೊಂಡಿತು. ಇನ್‌ಸ್ಪೆಕ್ಟರರು ಅರಗು ಕಾಯಿಸುತ್ತ ಕೂತು, ಬೆವರು ಕಣ್ಣಿಗಿಳಿದು, ಅಂಗಿಯ ಗುಂಡಿ ಬಿಚ್ಚಿಕೊಂಡರು.

"ಏನ್ ಸೆಕೆ ಸಾಬ್ರೇ ಇದು," ಅಂದರು. "ಮುಗಿಯೋಗಂಟ ಒಸಿ ಆ ಫ್ಯಾನ್ ಹಾಕ್ಸಿ."

ತಾಜ್ ಪಾಷಾ ಸ್ವಿಚ್ ಬೋರ್ಡಿನ ಪಕ್ಕದ ಸ್ಟೂಲಿನ ಮೇಲೆಯೇ ಕೂತಿದ್ದ. ಎದ್ದು ಮೇಜಿನ ಖಾನೆಯಿಂದ ಒಂದು ಬಿಳಿ ಹಾಳೆ ತೆಗೆದು ಅವರ ಮುಂದಿಟ್ಟ.

"ಬರ್ದು ಕೊಡಿ ಸಾರ್."